ದೊಡ್ಡ ಕೋವಿಗೆ ಸಣ್ಣ ಸ್ಕೋಪೇ ಸರಿ

ಸಂಪಾದಕರಿಗೆ,

ಮಾನ್ಯರೇ,

ಕೋವಿಗೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೊಳ್ಳುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹದಲ್ಲಿ ‘ಜೂಮ್ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂಬ ಸಲಹೆ ಇತ್ತು. ಬೋರ್ಡಿಗೆ ಗುರಿಯಿಡುವ .22 ಕೋವಿಗೆ ಈ ಮಾತು ಹೇಗೋ ನಡೆದೀತು. .375 ಎಚ್ ಅಂಡ್ ಎಚ್, .416 ರಿಗ್ಬಿ, .458 ವಿಂಚೆಸ್ಟರ್‌ನಂಥ (ಅಂಕಿ ಗುಂಡಿನ ಸುಮಾರು ವ್ಯಾಸ, ಇಂಚಿನಲ್ಲಿ) ಜೋರಾಗಿ ಒದೆಯುವ ರೈಫಲ್‌ಗಳ ವಿಷಯದಲ್ಲಿ ಅದು ತಪ್ಪು ಮಾತ್ರವಲ್ಲ, ಅಪಾಯವೂ ಹೌದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧ. ಈ ಕೋವಿಗಳು ಕೆಲಸ ಮಾಡುವುದು ಆಫ್ರಿಕಾದ ದೇಶಗಳಲ್ಲಿ, ಉತ್ತರ ಆಸ್ಟ್ರೇಲಿಯಾದ ಎಮ್ಮೆ ಕಾಡುಗಳಲ್ಲಿ. ಅಲ್ಲಿ ನೆಲೆಸಿ, ಅಲ್ಲಿನ ಪರವಾನಗಿ ಪಡೆದು ಕಾಡಿಗಿಳಿಯುವ ಕನ್ನಡಿಗರು ಆ ಸಲಹೆಯನ್ನು ನಂಬಿ ಕೈ ಸುಟ್ಟುಕೊಳ್ಳಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒದೆತದ ಲೆಕ್ಕ. 3.6 ಕೆಜಿ ತೂಕದ .30-06 ರೈಫಲ್ ಸುಮಾರು 30 ಜೂಲ್ ಶಕ್ತಿಯಿಂದ ಹಿಂದಕ್ಕೆ ಒದೆಯುತ್ತದೆ. 4.1 ಕೆಜಿಯ .375ರಲ್ಲಿ ಅದು 55ರ ಆಸುಪಾಸು, ಅಷ್ಟೇ ತೂಕದ .458ರಲ್ಲಿ 85ಕ್ಕೂ ಮೇಲೆ. ಈ ಹೊಡೆತ ಭುಜಕ್ಕೆ ಮಾತ್ರ ಎಂದುಕೊಂಡರೆ ತಪ್ಪು. ಗುಂಡು ನಳಿಗೆಯಲ್ಲಿರುವ ಸೆಕೆಂಡಿನ ಸಾವಿರ ಭಾಗಗಳಲ್ಲಿ ಒಂದೂವರೆ ಭಾಗದಷ್ಟು ಹೊತ್ತಿನೊಳಗೆ ಕೋವಿ ಹಿಂದಕ್ಕೆ ಚಿಮ್ಮುತ್ತದೆ, ಮೇಲಿರುವ ಸ್ಕೋಪ್ ತಾನಿದ್ದಲ್ಲೇ ಇರಲು ನೋಡುತ್ತದೆ. ಅದನ್ನು ಎಳೆದೊಯ್ಯುವ ಕೆಲಸ ಸ್ಕೋಪನ್ನು ಸುತ್ತಿ ಹಿಡಿದ ರಿಂಗ್‌ಗಳದ್ದು. .375ರ ಮೇಲೆ 300 ಗ್ರಾಂ ಸ್ಕೋಪ್ ಇದ್ದರೆ ಆ ಕ್ಷಣದಲ್ಲಿ ರಿಂಗ್‌ಗಳ ಮೇಲೆ ಸರಾಸರಿ 100 ಕೆಜಿ ತೂಗಿದಷ್ಟು ಎಳೆತ ಬೀಳುತ್ತದೆ. ಸ್ಕೋಪಿನ ತೂಕ ಎರಡರಷ್ಟಾದರೆ ಎಳೆತವೂ ಎರಡರಷ್ಟು. ಲ್ಯೂಪೋಲ್ಡ್‌ನ 1.5-5×20 (ಮೊದಲಿನ ಅಂಕಿಗಳು ಜೂಮ್, ಕೊನೆಯದು ಮುಂಗಾಜಿನ ಅಳತೆ ಮಿ.ಮೀ.ನಲ್ಲಿ) ಸುಮಾರು 270 ಗ್ರಾಂ, ಟ್ರಿಜಿಕಾನ್‌ನ 1-4×24 ಸುಮಾರು 400 ಗ್ರಾಂ, ಸ್ವರೋವ್‌ಸ್ಕಿಯ 1-8×24 ಸುಮಾರು 515 ಗ್ರಾಂ. 5-25×56 ಜಾತಿಯವು ಒಂದು ಕೆಜಿಗೆ ಹತ್ತಿರ. ಅಂಥದ್ದನ್ನು .458ರ ಮೇಲೆ ಕೂರಿಸಿದವರು ಸ್ಕ್ರೂ ತುಂಡಾಯಿತೆಂದು ಆಶ್ಚರ್ಯಪಡಬೇಕಿಲ್ಲ.

ಇನ್ನು ಜೂಮ್. ಆಫ್ರಿಕಾದ ಕಾಡೆಮ್ಮೆ ಕೇಪ್ ಬಫೆಲೊಗೆ ಗುಂಡು ಹಾರಿಸುವುದು ಸಾಮಾನ್ಯವಾಗಿ ನೂರು ಮೀಟರಿನೊಳಗೆ. ಗಾಯಗೊಂಡು ಪೊದೆ ಹೊಕ್ಕ ಪ್ರಾಣಿಯ ಜಾಡು ಹಿಡಿದಾಗ ಹದಿನೈದು ಮೀಟರಿನಲ್ಲೂ ಎದುರಾಗಬಹುದು. ಆ ದೂರದಲ್ಲಿ 1× ಸ್ಕೋಪ್ ಸುಮಾರು ಐದು ಮೀಟರ್ ಅಗಲದ ನೋಟ ಕೊಡುತ್ತದೆ: ಇಡೀ ಪ್ರಾಣಿ, ಅದರ ತಲೆ ತಿರುಗಿದ ದಿಕ್ಕು, ಪಕ್ಕದಲ್ಲಿ ನಿಂತ ಜಾಡುಗಾರ ಎಲ್ಲವೂ ಕಾಣುತ್ತವೆ. 3-9ರ ಸ್ಕೋಪನ್ನು ಕನಿಷ್ಠಕ್ಕೆ ತಿರುಗಿಸಿದರೂ ಒಂದೂವರೆ ಮೀಟರ್ ಚಿಲ್ಲರೆ. ಅದರಲ್ಲಿ ಕಾಣುವುದು ಕೆಸರು ಮೆತ್ತಿದ ಕಪ್ಪು ಚರ್ಮ, ಅಷ್ಟೇ. ಅದು ಭುಜವೋ ಹೊಟ್ಟೆಯೋ ತಿಳಿಯುವುದಿಲ್ಲ. 1-4, 1-5, 1.5-5 ಸಾಕು. ಜೂಮೇ ಇಲ್ಲದ 2.5× ಆದರೂ ಒಳ್ಳೆಯದೇ. ಚಲಿಸುವ ಭಾಗ ಕಡಿಮೆಯಾದಷ್ಟು ಕೆಡುವುದೂ ಕಡಿಮೆ.

ಮುಂಗಾಜು ದೊಡ್ಡದಿದ್ದರೆ ಮಬ್ಬುಗತ್ತಲಲ್ಲಿ ಚೆನ್ನಾಗಿ ಕಾಣುತ್ತದೆ ಎನ್ನುವರು. ಮುಂಗಾಜಿನ ಅಳತೆಯನ್ನು ಜೂಮ್‌ನಿಂದ ಭಾಗಿಸಿ ನೋಡಿ. 24 ಮಿ.ಮೀ. ಗಾಜು 4×ನಲ್ಲಿ 6 ಮಿ.ಮೀ. ಅಗಲದ ಬೆಳಕಿನ ಕಂಬ ಕೊಡುತ್ತದೆ. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಅರಳುವುದೇ 7 ಮಿ.ಮೀ. ಆಚೀಚೆ, ವಯಸ್ಸಾದಂತೆ ಇನ್ನೂ ಕಡಿಮೆ. 50 ಮಿ.ಮೀ. ಗಾಜಿನಿಂದ ಇಲ್ಲಿ ಸಿಗುವುದು ತೂಕವೊಂದೇ. ಮುಂದೆ ಉಬ್ಬಿಲ್ಲದ ನೇರ ಕೊಳವೆಯಾದರೆ ಸ್ಕೋಪನ್ನು ತಗ್ಗಿನಲ್ಲಿ ಕೂರಿಸಬಹುದು, ಕೆನ್ನೆ ಸ್ಟಾಕಿನ (ಕೋವಿಯ ಹಿಂಬದಿಯ ಹಿಡಿ) ಮೇಲೆ ಸರಿಯಾಗಿ ಕೂರುತ್ತದೆ.

ಕಣ್ಣಿಗೂ ಹಿಂಗಾಜಿಗೂ ನಡುವಿನ ಅಂತರವನ್ನು ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳದಿರುವುದು ನಿಜಕ್ಕೂ ಬೇಸರದ ಸಂಗತಿ. ಈ ಕೋವಿಗಳಿಗೆ 90 ಮಿ.ಮೀ. ಕನಿಷ್ಠ, 100 ಇದ್ದರೆ ನಿಶ್ಚಿಂತೆ. ಕಡಿಮೆಯಾದರೆ ಸ್ಕೋಪಿನ ಅಂಚು ಹುಬ್ಬನ್ನು ಅರ್ಧಚಂದ್ರಾಕಾರವಾಗಿ ಸೀಳುತ್ತದೆ. ಒಮ್ಮೆ ಪೆಟ್ಟು ತಿಂದವರು ಮುಂದಿನ ಗುಂಡಿಗೆ ಮೊದಲೇ ಕಣ್ಣು ಮುಚ್ಚುತ್ತಾರೆ, ಗುರಿ ಅಲ್ಲಿಗೆ ಕೆಟ್ಟಿತು. ಅನೇಕ ಸ್ಕೋಪ್‌ಗಳಲ್ಲಿ ಜೂಮ್ ಏರಿಸಿದಂತೆ ಈ ಅಂತರ ಕುಗ್ಗುತ್ತದೆ. ಆದ್ದರಿಂದ ಸ್ಕೋಪಿನ ಜಾಗ ನಿಶ್ಚಯಿಸುವಾಗ ಜೂಮನ್ನು ಗರಿಷ್ಠಕ್ಕೆ ಇಟ್ಟು, ಬೇಟೆಗೆ ಹಾಕುವ ಅಂಗಿಯನ್ನೇ ತೊಟ್ಟು, ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ, ಆಮೇಲೆ ಕಣ್ಣು ತೆರೆಯಿರಿ. ಸುತ್ತ ಕಪ್ಪು ಅಂಚಿಲ್ಲದೆ ಪೂರ್ತಿ ನೋಟ ಸಿಗಬೇಕು. ಮಲಗಿ ಹೊಡೆಯುವಾಗ ಮುಖ ಇನ್ನೂ ಮುಂದೆ ಹೋಗುತ್ತದೆ, ಆ ಭಂಗಿಯಲ್ಲೂ ಒಮ್ಮೆ ನೋಡಿಕೊಳ್ಳಬೇಕು.

ಒಳಗೆ ಕೆಡುವುದು ಗಾಜಲ್ಲ. ಗುರಿ ಹೊಂದಿಸುವ ಗುಂಡಿ ತಿರುಗಿಸಿದಾಗ ಅಲುಗುವ ಒಳಕೊಳವೆ ಒಂದಿರುತ್ತದೆ. ಅದನ್ನು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಸ್ಪ್ರಿಂಗ್ ಸೋತರೆ, ಹಿಂದಿನ ಕೀಲು ಸಡಿಲವಾದರೆ ಗುಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೀಳತೊಡಗುತ್ತದೆ, ರೆಟಿಕಲ್ (ಸ್ಕೋಪಿನೊಳಗಿನ ಗುರಿಗೆರೆ) ವಾಲುವುದೂ ಉಂಟು. ಗುಂಡಿಯನ್ನು ಒಂದು ತುದಿಯವರೆಗೆ ತಿರುಗಿಸಿ ಇಟ್ಟರೆ ಒಂದು ಕಡೆ ಸ್ಪ್ರಿಂಗಿನ ಒತ್ತಡವೇ ಉಳಿಯುವುದಿಲ್ಲ. ಅದಕ್ಕೇ ಕೂರಿಸುವ ಮೊದಲು ಗುಂಡಿಯನ್ನು ತುದಿಯಿಂದ ತುದಿಗೆ ತಿರುಗಿಸಿ ಕ್ಲಿಕ್ ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿ. ಅಲ್ಲಿಂದ ಬಹಳ ದೂರ ತಿರುಗಿಸಬೇಕಾಗಿ ಬಂದರೆ ತಪ್ಪು ಬೇಸಿನದ್ದು (ಕೋವಿಯ ಮೇಲೆ ರಿಂಗ್‌ಗಳು ಕೂರುವ ಪೀಠ), ಅದನ್ನು ಸರಿಪಡಿಸಬೇಕು. ರೆಟಿಕಲ್ ದಪ್ಪ ಗೆರೆಯದ್ದಿರಲಿ. ಕೆಂಪು ಚುಕ್ಕಿ ಉರಿಯುವುದಾದರೆ ಬ್ಯಾಟರಿ ಸತ್ತರೂ ಗೆರೆ ಎದ್ದು ಕಾಣುವಂತಿರಬೇಕು. ಜೂಮ್ ಜೊತೆ ಗೆರೆಯೂ ಹಿಗ್ಗಿ ಕುಗ್ಗುವ ಬಗೆ ಇಲ್ಲಿ ಬೇಡ, 1×ಗೆ ಇಳಿಸಿದಾಗ ಗೆರೆ ಕೂದಲಿನಂತಾಗುತ್ತದೆ.

‘ಸ್ಕೋಪ್ ಕೆಟ್ಟಿದೆ’ ಎಂಬ ದೂರುಗಳಲ್ಲಿ ಅನೇಕವು ನಿಜವಾಗಿ ಬೇಸ್, ರಿಂಗ್‌ಗಳ ದೂರು. ಬೇಸಿಗೆ ಸಾಮಾನ್ಯವಾಗಿ ಬರುವ 6-48 ಎಂಬ ಅಳತೆಯ ಸ್ಕ್ರೂವಿನ ವ್ಯಾಸ 3.5 ಮಿ.ಮೀ. ಒಳ್ಳೆಯ ಕೋವಿ ಮಿಸ್ತ್ರಿಯಿಂದ 4.2 ಮಿ.ಮೀ.ನ 8-40ಕ್ಕೆ ಮರುಕೊರೆಸಿದರೆ ಅಡ್ಡಕೊಯ್ತ ಸುಮಾರು 40 ಶೇಕಡ ಹೆಚ್ಚುತ್ತದೆ. ಅದಕ್ಕಿಂತ ಮೇಲು, ಎಳೆತ ಸ್ಕ್ರೂಗಳ ಮೇಲೆ ಬೀಳದಂತೆ ತಡೆಗಟ್ಟೆ ಇರುವ ಬೇಸ್. ರೂಗರ್ ಎಂ77, ಸಿಝಡ್ 550 ರೈಫಲ್‌ಗಳಲ್ಲಿ ಬೇಸನ್ನು ಮೈಯಲ್ಲೇ ಕಡೆದಿರುತ್ತಾರೆ. ಬೇಸಿನ ಸ್ಕ್ರೂ ತುಂಡಾಗುವ ಪ್ರಶ್ನೆಯೇ ಅಲ್ಲಿಲ್ಲ. ರಿಂಗ್ ಉಕ್ಕಿನದ್ದಿರಲಿ.

ಜೋಡಿಸುವಾಗ ಸ್ಕ್ರೂ, ತೂತು, ರಿಂಗಿನ ಒಳಮೈ, ಕೊಳವೆ ಎಲ್ಲವನ್ನೂ ಅಸಿಟೋನ್‌ನಿಂದ ಎಣ್ಣೆ ಉಳಿಯದಂತೆ ಒರೆಸಿ. ಬೇಸ್ ಸ್ಕ್ರೂಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ, ಬಿಗಿತ 20ರಿಂದ 25 ಇಂಚು-ಪೌಂಡ್. ರಿಂಗಿನ ಮೇಲಿನ ಸ್ಕ್ರೂಗಳಿಗೆ 15ರಿಂದ 18 ಸಾಕು, ಲಾಕ್‌ಟೈಟ್ ಹಾಕಬೇಡಿ: ಸ್ಕ್ರೂವಿನ ಸುತ್ತುಗೆರೆ ಒದ್ದೆಯಾದರೆ ಅದೇ ಅಳತೆಗೆ ಬಿಗಿತ ಹೆಚ್ಚಾಗಿ ಕೊಳವೆ ನಜ್ಜಾಗುತ್ತದೆ, ಜೂಮ್ ಉಂಗುರ ಗಟ್ಟಿಯಾಗುತ್ತದೆ. ಎದುರುಬದುರು ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ಬಿಗಿಸುತ್ತ, ಎರಡೂ ಬದಿಯ ಸಂದು ಸಮವಾಗಿರುವಂತೆ ನೋಡಿ. ಕೊನೆಗೆ ರಿಂಗಿನ ಹಿಂದಂಚಿಗೆ ಒತ್ತಿ ಕೊಳವೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಗುಂಡು ಹಾರಿಸಿದ ಮೇಲೆ ಗೆರೆ ರಿಂಗಿನೊಳಗೆ ಮರೆಯಾಗಿದ್ದರೆ ಸ್ಕೋಪ್ ಮುಂದಕ್ಕೆ ಜಾರಿದೆ ಎಂದೇ ಅರ್ಥ.

ಪರೀಕ್ಷೆಗೆ ಪೂರ್ಣ ಬಲದ ಇಪ್ಪತ್ತು ತೋಟಾಗಳಾದರೂ ಬೇಕು. ಮೂರು ಮೂರರಂತೆ, ನಳಿಗೆ ತಣಿಯಲು ಬಿಟ್ಟು, 100 ಮೀಟರಿನಲ್ಲಿ. ಮೊದಲ ಮೂರೂ ಕೊನೆಯ ಮೂರೂ ಒಂದೇ ಕಡೆ ಬಿದ್ದರೆ ಸರಿ. ಭುಜ ನೋಯುತ್ತದೆಂದು ಕೋವಿಯನ್ನು ಸೀಸದ ಭಾರ ಹೇರಿದ ಚೌಕಟ್ಟಿಗೆ ಬಿಗಿದು ಹೊಡೆಯುವವರಿದ್ದಾರೆ, ದಯವಿಟ್ಟು ಬೇಡ. ಹಿಂದೆ ಸರಿಯಲಾಗದ ಕೋವಿಯ ಹೊಡೆತವನ್ನು ಸ್ಟಾಕೂ ಸ್ಕೋಪೂ ಉಣ್ಣಬೇಕಾಗುತ್ತದೆ; ಸ್ಟಾಕ್ ಸೀಳಿದ್ದೂ ಉಂಟು. ನಿಂತು ಹೊಡೆಯಿರಿ, ದಿನಕ್ಕೆ ಹತ್ತಕ್ಕಿಂತ ಹೆಚ್ಚು ಬೇಡ. ನಳಿಗೆಯ ತುದಿಗೆ ಒದೆತ ತಗ್ಗಿಸುವ ಬ್ರೇಕ್ ಹಾಕಿದರೆ ಭುಜಕ್ಕೆ ಸುಖ ನಿಜ, ಆದರೆ ಸ್ಕೋಪಿಗೆ ಮುಂದಕ್ಕೂ ಒಂದು ಜಗ್ಗು ಸೇರುತ್ತದೆ.

ಲಿವರ್ ತಿರುಗಿಸಿ ಕಳಚುವ ರಿಂಗ್ ಕೊಂಡರೆ ಹತ್ತು ಬಾರಿ ತೆಗೆದು ಹಾಕಿ, ಪ್ರತಿ ಬಾರಿಯೂ ಒಂದು ಗುಂಡು ಹಾರಿಸಿ ನೋಡಿ. ನಳಿಗೆಯ ಮೇಲಿನ ತೆರೆದ ನಿಶಾನೆಯನ್ನೂ ಅದೇ ತೋಟಾದಿಂದ 50 ಮೀಟರಿಗೆ ಹೊಂದಿಸಿಡಿ. ಸ್ಕೋಪಿನ ಗಾಜು ಮಂಜಾದ ದಿನ, ಅಥವಾ ಜೀಪಿನಿಂದ ಕೋವಿ ಬಿದ್ದ ದಿನ, ಲಿವರ್ ಎತ್ತಿ ಸ್ಕೋಪನ್ನು ಚೀಲಕ್ಕೆ ಹಾಕಿ ನಡೆಯಬಹುದು. ಲಿವರ್ ಇಲ್ಲದ ರಿಂಗಾದರೆ ಅದಕ್ಕೆ ಹೊಂದುವ ಕೀಲಿಯನ್ನು ಕೋವಿಯ ಪಟ್ಟಿಗೇ ಕಟ್ಟಿಡಿ. ಶಿಬಿರದ ಪೆಟ್ಟಿಗೆಯಲ್ಲಿದ್ದರೆ ಉಪಯೋಗವಿಲ್ಲ.

– ಓರ್ವ ಓದುಗ, ವಿರಾಜಪೇಟೆ