ಪಿ.ಇ. ಸರ್‌ಗೆ ಶಾಲು, ಹಾರವಷ್ಟೇ ಸಾಲದು

ಮಾನ್ಯರೇ,

ನಮ್ಮೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ನಮಗೆಲ್ಲ ಅವರು ಪಿ.ಇ. ಸರ್. ಬೆಳಗಾಗುವ ಮೊದಲೇ ಬಂದು, ಕೊಕ್ಕೊ ಅಂಕಣಕ್ಕೆ ಸುಣ್ಣದ ಪುಡಿಯಲ್ಲಿ ತಾವೇ ಗೆರೆ ಹಾಕುತ್ತಿದ್ದರು. ಹೆಣ್ಣುಮಕ್ಕಳನ್ನು ಹೊರಗಿನ ಪಂದ್ಯಕ್ಕೆ ಕಳಿಸಲು ಮನೆಯವರು ಒಪ್ಪದಿದ್ದರೆ ಮನೆಗೇ ಹೋಗಿ, ಜಗಲಿ ಮೇಲೆ ಕೂತು, ‘ನನ್ನ ಮಗಳೂ ಜೊತೆಗೆ ಬರ್ತಾಳೆ, ಕಳಿಸಿ’ ಎಂದು ಒಪ್ಪಿಸುತ್ತಿದ್ದರು. ನಾನು ಆಡಲು ಹೋಗಿದ್ದೂ ಹಾಗೆಯೇ.

ಪಿ.ಟಿ. ಉಷಾ ಎಲ್ಲರಿಗೂ ಗೊತ್ತು. ಅವರನ್ನು ಬೆಳೆಸಿದ ತರಬೇತುದಾರ ಒ.ಎಂ. ನಂಬಿಯಾರ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದ 1985ರಲ್ಲೇ ಅದು ಸಿಕ್ಕಿತು. ಪದ್ಮಶ್ರೀ ಬಂದಿದ್ದು ಮಾತ್ರ 2021ರಲ್ಲಿ. ಅಂಥವರಿಗೇ ಅಷ್ಟು ತಡ. ಇನ್ನು ಕಾಲೇಜು ಮೈದಾನದ ತರಬೇತುದಾರರನ್ನು ಯಾರು ಕೇಳುತ್ತಾರೆ? ಇವರ ಶಿಷ್ಯರಲ್ಲಿ ಪದಕ ಗೆದ್ದವರಿಗಿಂತ ಪೊಲೀಸ್, ಸೇನಾ ಭರ್ತಿಯ ಓಟ ಗೆದ್ದವರೇ ಜಾಸ್ತಿ. ಅದೂ ಸಾಧನೆಯೇ ಅಲ್ವಾ?

ಬೀಳ್ಕೊಡುಗೆಯನ್ನು ಶಾಲು, ಹಾರ, ಹಣ್ಣಿನ ಬುಟ್ಟಿಗೆ ಮುಗಿಸಬೇಡಿ. ಪ್ರತಿವರ್ಷದ ಕೊಕ್ಕೊ ಟ್ರೋಫಿಗೆ ಅವರ ಹೆಸರಿಡಿ. ಹಳೆಯ ವಿದ್ಯಾರ್ಥಿಗಳು ಸೇರಿ ಖರ್ಚು ನೋಡಿಕೊಳ್ಳುತ್ತೇವೆ. ಜೊತೆಗೆ, ಅವರ ಹುದ್ದೆಯನ್ನು ಖಾಲಿ ಬಿಡದೆ ಈ ವರ್ಷವೇ ತುಂಬಿ.

– ಹಳೆಯ ವಿದ್ಯಾರ್ಥಿನಿ