ಅಪ್ಪನಿಗೆ, ಚೊಗರಿನ ಬಣ್ಣದ ವಿಷಯ

ಪ್ಯಾರಿಸ್, ಅಕ್ಟೋಬರ್ 14

ಅಪ್ಪನಿಗೆ ನಮಸ್ಕಾರ. ನಾವು ಕ್ಷೇಮ. ಪುಟ್ಟಿಗೆ ಶೀತ ಆಗಿತ್ತು, ಈಗಿಲ್ಲ. ಅಮ್ಮಾ, ಕಾಗದ ನೀನೇ ಓದಿ ಹೇಳಬೇಕಲ್ಲ, ಒಂದು ಸಾಲೂ ಬಿಡಬೇಡ. ಬೈದದ್ದನ್ನೂ ಓದು.

ಭಾವ ಎಲ್ಲ ಬರೆದಿದ್ದಾನೆ. ಹೋದ ಕೊಯ್ಲಿನಲ್ಲಿ ನಮ್ಮ ಅಡಿಕೆ ರಾಶಿಯೊಳಗೆ ಕಡಿಮೆ ದರ್ಜೆಯ ಗೊರಬಲು ಬೆರೆತು ಮಂಡಿಯಲ್ಲಿ ರೇಟು ಇಳಿಸಿದರಂತೆ. ಆರಿಸಿದ್ದು ನೀನೇ ಅಂತೆ. ಅಡಿಕೆ ಬೇಯಿಸಿದ ನೀರು, ಆ ಚೊಗರು, ಕಪ್ಪಾಯಿತು ಎಂದು ಕೆಲಸದ ಹುಡುಗನ ಮೇಲೆ ರೇಗಿದೆಯಂತೆ, ಉಳಿದವರಿಗೆಲ್ಲ ಚೊಗರು ಸರಿಯಾಗೇ ಕಂಡಿತಂತೆ. ಕಣ್ಣಿನ ಪೊರೆಯ ಮಾತೆತ್ತಿದರೆ ಫೋನಿನಲ್ಲಿ ನನ್ನ ಹತ್ತಿರ ಮಾತ್ರ "ಸ್ವಲ್ಪ ಮಂಜು ಅಷ್ಟೆ, ಕೊಯ್ಲು ಮುಗಿಯಲಿ" ಎನ್ನುತ್ತೀಯ. ಮೂರು ಕೊಯ್ಲಿನಿಂದ ಇದೇ ಮಾತು ಅಲ್ವಾ?

ಹೋದ ಭಾನುವಾರ ಜಿವರ್ನಿಗೆ ಹೋಗಿದ್ದೆವು. ಕ್ಲೋಡ್ ಮೋನೆ ಎಂಬ ಚಿತ್ರಕಾರನ ಊರು. ಸ್ಯಾಂ ಲಜಾರ್ ಸ್ಟೇಷನ್ನಿನಿಂದ ರೈಲು. ಆ ಸ್ಟೇಷನ್ನನ್ನೇ ಅವನು 1877ರಲ್ಲಿ ಹೊಗೆ ಸಮೇತ ಹನ್ನೆರಡು ಸಲ ಬರೆದಿದ್ದಾನೆ. ನಮ್ಮೆದುರು ಕೂತವಳ ಕಾಲ ಬಳಿ ಒಂದು ನಾಯಿ ಇತ್ತು. ವೆರ್ನೊಂ ಬರುವವರೆಗೂ ಒಂದು ಸಲವೂ ಬೊಗಳಲಿಲ್ಲ, ನಮ್ಮ ಪುಟ್ಟಿಗಿಂತ ಶಿಸ್ತು. ಅಲ್ಲಿಳಿದು ಬಸ್ಸು. ಆಮೇಲೆ ಸಾಲಿನಲ್ಲಿ ನಿಂತು, ಟಿಕೆಟ್ ಕೊಂಡು ನೈದಿಲೆ ನೋಡಿದೆವು! ನಮ್ಮ ಕೆರೆಯಲ್ಲಿ ಎಮ್ಮೆ ಪುಕ್ಕಟೆ ನೋಡುತ್ತದೆ. ನಗಬೇಡ, ಚೆನ್ನಾಗಿಯೇ ಇತ್ತು.

ನಿನಗೆ ಇಷ್ಟವಾಗುವ ಮನುಷ್ಯ ಅವನು. ಕೃಷಿಕನ ಹಟ. 1883ರಲ್ಲಿ ಆ ಊರಿಗೆ ಬಾಡಿಗೆಗೆ ಬಂದು 1890ರಲ್ಲಿ ಮನೆ ಕೊಂಡ. ಆಮೇಲೆ ತೊರೆಯ ನೀರು ತಿರುಗಿಸಿ ಕೊಳ ಮಾಡಿದ. ಪರದೇಶದ ಗಿಡದಿಂದ ನೀರು ಕೆಡುತ್ತದೆ ಎಂದು ಊರ ರೈತರು ತಕರಾರು ತೆಗೆದರಂತೆ. ನೀರಿನ ಜಗಳ ಇಲ್ಲೂ ಇತ್ತು ನೋಡು. ಹೊಳೆ ದಂಡೆಯ ಪಾಪ್ಲರ್ ಮರಗಳ ಚಿತ್ರ ಅರ್ಧ ಆಗಿದ್ದಾಗ ಅವನ್ನು ಕಡಿಯಲು ಹರಾಜಿಗಿಟ್ಟರು. ಚಿತ್ರ ಮುಗಿಯುವವರೆಗೆ ಮರ ನಿಂತಿರಲಿ ಎಂದು ಮರದ ವ್ಯಾಪಾರಿಗೆ ಕೈಯಿಂದ ದುಡ್ಡು ಕೊಟ್ಟ. ಬಣವೆಗಳನ್ನು ಬರೆಯುವಾಗ ಹತ್ತಾರು ಕ್ಯಾನ್ವಾಸು. ಬಿಸಿಲು ಸ್ವಲ್ಪ ಜರುಗಿದರೆ ಇದನ್ನು ಇಟ್ಟು ಅದನ್ನು ಎತ್ತಿಕೊಳ್ಳುವುದು. ವಸ್ತು ಅದೇ, ಬೆಳಕು ಬೇರೆ. ಅದೇ ಅವನ ಕಸುಬು. ಅಂದರೆ ಪೂರ್ತಿ ಕಣ್ಣಿನ ಮೇಲೆ ನಿಂತ ಕಸುಬು, ನಿನ್ನ ಅಡಿಕೆ ಆರಿಸುವ ಹಾಗೆ.

ಅವನಿಗೂ ಪೊರೆ ಬಂತು. 1912ರಲ್ಲೇ ಡಾಕ್ಟರು ಹೇಳಿದ್ದರು. ಇವನು ಆಪರೇಷನ್ ಬೇಡ ಎಂದು ಹಟ ಹಿಡಿದ. ಒಂದು ವರ್ಷ ಅಲ್ಲ, ಎರಡಲ್ಲ, ಹತ್ತು ದಾಟಿತು. ಟ್ಯೂಬಿನ ಮೇಲಿನ ಹೆಸರು ನೋಡಿ ಬಣ್ಣ ತೆಗೆದುಕೊಳ್ಳುವ ಸ್ಥಿತಿ. 1922ರ ಹೊತ್ತಿಗೆ ಬಲಗಣ್ಣಿಗೆ ಬೆಳಕು ಬಿಟ್ಟರೆ ಏನೂ ಗೊತ್ತಾಗುತ್ತಿರಲಿಲ್ಲ.

ಆ ಕಾಲದಲ್ಲಿ ಬರೆದ ಸೇತುವೆಯ ಚಿತ್ರಗಳು ಪ್ಯಾರಿಸಿನ ಮಾರ್ಮೊತಾಂ ಮ್ಯೂಸಿಯಮ್ಮಿನಲ್ಲಿವೆ. ಮರುದಿನವೇ ರಜೆ ಹಾಕಿ ನೋಡಬೇಕೆಂದಿದ್ದೆ, ಸೋಮವಾರ ಬಾಗಿಲು ಹಾಕುತ್ತಾರೆ. ಮಂಗಳವಾರ ಹೋದೆ. ಜಿವರ್ನಿಯ ಸೇತುವೆ ಹಸಿರು, ನಾನೇ ಅದರ ಮೇಲೆ ನಿಂತು ಬಂದಿದ್ದೇನೆ. ಚಿತ್ರದಲ್ಲಿ ಹಸಿರು ಹುಡುಕಬೇಕು. ಕೆಂಪು, ಕಂದು, ಮುದ್ದೆ ಮುದ್ದೆ. ಹಂಡೆಯ ತಳದಲ್ಲಿ ಇಂಗಿದ ಚೊಗರು ಇರುತ್ತದಲ್ಲ, ಸಾಕ್ಷಾತ್ ಅದೇ ಬಣ್ಣ. ಪಕ್ಕದಲ್ಲಿದ್ದವರು ಆಹಾ ಓಹೋ ಎನ್ನುತ್ತಿದ್ದರು. ನನಗೆ ನೀನು ಹುಡುಗನ ಮೇಲೆ ರೇಗಿದ್ದು ನೆನಪಾಗಿ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಕೊನೆಗೆ ಗೆಳೆಯ ಕ್ಲೆಮಾನ್ಸೊ ಬೆನ್ನು ಬಿದ್ದ. ಫ್ರಾನ್ಸಿನ ಪ್ರಧಾನಿಯಾಗಿದ್ದವನು, ಓದಿದ್ದು ಡಾಕ್ಟರಿಕೆ. 1923ರ ಜನವರಿಯಲ್ಲಿ ಬಲಗಣ್ಣಿನ ಆಪರೇಷನ್ ಶುರುವಾಯಿತು. ಮೋನೆಗೆ ಆಗ 82. ನಿನಗೆ ಇನ್ನೂ 71.

ಸುಳ್ಳು ಹೇಳುವುದಿಲ್ಲ, ಅವನಿಗೆ ತುಂಬ ಕಷ್ಟವಾಯಿತು. ದಿಂಬಿಲ್ಲದೆ, ಅಲುಗಾಡದೆ, ದಿನಗಟ್ಟಲೆ ಮಲಗಿಸಿದ್ದರು. ಪಟ್ಟಿ ಕಿತ್ತು ಹಾಕಲು ಹೋದ. ಆಮೇಲೆ ಎಲ್ಲ ನೀಲಿ ನೀಲಿ ಕಂಡು ಡಾಕ್ಟರ ಮೇಲೆ ಹರಿಹಾಯ್ದ. ಎಡಗಣ್ಣು ಮುಟ್ಟಲು ಬಿಡಲೇ ಇಲ್ಲ. ಗಣಪತಿ ಮಾವ ಇಷ್ಟನ್ನೇ ಹಿಡಿದುಕೊಂಡು "ನೋಡಿದೆಯಾ" ಎನ್ನುತ್ತಾನೆ, ಅವನಿಗೆ ಮುಂದಿನದನ್ನೂ ಓದಿ ಹೇಳು. ಆಗ ಪೊರೆ ತೆಗೆದರೆ ಕಣ್ಣೊಳಗೆ ಹಾಕಲು ಲೆನ್ಸೇ ಇರಲಿಲ್ಲ, ದಪ್ಪ ಗಾಜಿನ ಕನ್ನಡಕವೇ ಗತಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಸೇರಿದರೂ ಕಣ್ಣು ಅದನ್ನು ಸಹಿಸಿಕೊಂಡಿತ್ತು. ಅದನ್ನು ಗಮನಿಸಿದ ಲಂಡನ್ನಿನ ರಿಡ್ಲಿ ಎಂಬ ಡಾಕ್ಟರು 1949ರಲ್ಲಿ ಮೊದಲ ಲೆನ್ಸ್ ಹಾಕಿದ್ದು. ಮೋನೆ 1926ರಲ್ಲೇ ಹೋಗಿಬಿಟ್ಟಿದ್ದ. ಅಷ್ಟು ಕಷ್ಟದಲ್ಲೂ ಆ ಒಂದೇ ಕಣ್ಣು ಹಿಡಿದುಕೊಂಡು ದೊಡ್ಡ ನೈದಿಲೆ ಚಿತ್ರಗಳನ್ನು ತಿದ್ದಿದ. ಎರಡು ಆಳೆತ್ತರ ಅಲ್ಲದಿದ್ದರೂ ಹತ್ತಿರ ಹತ್ತಿರ ಎರಡು ಮೀಟರ್ ಎತ್ತರ. ಪ್ಯಾರಿಸಿನ ಓರಾಂಜೆರಿ ಮ್ಯೂಸಿಯಮ್ಮಿನ ಎರಡು ಮೊಟ್ಟೆ ಆಕಾರದ ಕೋಣೆಗಳ ಗೋಡೆ ತುಂಬ ಇವೆ. 1927ರಲ್ಲಿ ಜನರಿಗೆ ತೆರೆದಾಗ ನೋಡಲು ಅವನೇ ಇರಲಿಲ್ಲ.

ಈಗ ಸುಮಾರು ಇಪ್ಪತ್ತು ನಿಮಿಷದ ಕೆಲಸ. ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸುತ್ತಾರೆ. ಅವತ್ತೇ ಮನೆ. ಏನೂ ಆಗುವುದಿಲ್ಲ. ನಿಜವಾಗಿ ಏನೂ ಆಗುವುದಿಲ್ಲ. ಪಕ್ಕದ ಮನೆ ಅಣ್ಣಯ್ಯನ ಕಣ್ಣು ಕೆಂಪಾದದ್ದು ಮೂರನೇ ದಿನವೇ ಅಡಿಕೆ ಬೇಯಿಸುವ ಒಲೆ ಮುಂದೆ ಕೂತು, ಡ್ರಾಪ್ಸ್ ಹಾಕದೆ. ಅದಕ್ಕೇ ಹೇಳುವುದು, ಹಂಡೆ ಒಲೆಗೆ ಏರುವ ಮುಂಚೆ ಮಾಡಿಸು. ಈ ಸಲ ಆರಿಸುವುದನ್ನು ಅಮ್ಮ ನೋಡಿಕೊಳ್ಳುತ್ತಾಳೆ, ನಿನಗಿಂತ ಚೆನ್ನಾಗಿ. ಭಾವನ ಖಾತೆಗೆ ದುಡ್ಡು ಹಾಕಿದ್ದೇನೆ, ಶಿವಮೊಗ್ಗಕ್ಕೆ ಅವನೇ ಕರೆದುಕೊಂಡು ಹೋಗುತ್ತಾನೆ. ನನಗೇನೂ ಚಿಂತೆ ಇಲ್ಲ, ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ, ಸುಮ್ನೆ ಬರೆದೆ.

ಶುಗರ್ ಎಷ್ಟಿದೆ ಎಂದು ಮೊದಲು ನೋಡಿಸಿ. ಪುಟ್ಟಿ ಶಾಲೆಯಿಂದ ಬರುವ ಹೊತ್ತಾಯಿತು, ಅಂಚೆ ಕಚೇರಿಯೂ ಮುಚ್ಚುತ್ತದೆ. ಅಜ್ಜಿಗೆ ನಮಸ್ಕಾರ ಹೇಳು. ತಾರೀಕು ಗೊತ್ತಾದ ಕೂಡಲೇ ಫೋನ್ ಮಾಡಿ, ರಾತ್ರಿ ಆದರೂ ಪರವಾಗಿಲ್ಲ.

ನಿನ್ನ ಮಗಳು