ಊರಿನ ಬೀಜ ಹಂಚಿಕೊಳ್ಳುವ ಬಗ್ಗೆ ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಉಡುಪಿಯ ನಮ್ಮ ಅಂಗಳಗಳಲ್ಲಿ ಉಳಿದಿರುವ ಊರಿನ ತರಕಾರಿ ಬೀಜಗಳನ್ನು ಹಂಚಿಕೊಳ್ಳಲು ಆಹಾರ ಪರವಾನಗಿ ಬೇಕೇ ಎಂದು ಕೆಲವರು ಕೇಳಿದ್ದೀರಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು ರೈತರಿಗೂ ಅವರು ಹೊಲದಲ್ಲಿ ಬೆಳೆದ ಬೆಳೆಗೂ ಅನ್ವಯಿಸುವುದಿಲ್ಲ. ಹಪ್ಪಳ, ಉಪ್ಪಿನಕಾಯಿಯಂಥ ತಿನಿಸು ಮಾಡಿ ಮಾರುವವರಿಗಾದರೆ ಆ ಕಾಯ್ದೆಯಡಿ ನೋಂದಣಿ ಬೇಕು. ಬೀಜದ ಮಟ್ಟಿಗೆ, 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಮಿನಂತೆ ರೈತರು ಅದನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಿಕೊಳ್ಳಬಹುದು, ಮಾರಲೂಬಹುದು. ಸಂರಕ್ಷಿತ (ಈ ಕಾಯ್ದೆಯಡಿ ನೋಂದಣಿಯಾದ) ತಳಿಯ ಬೀಜವನ್ನು ಬ್ರಾಂಡ್ ಮಾಡಿ ಮಾರುವಂತಿಲ್ಲ, ಅಷ್ಟೇ.

ಮಟ್ಟು ಗ್ರಾಮದ ಬದನೆಯಾದ ಮಟ್ಟುಗುಳ್ಳದ ಬಗ್ಗೆ ಮಾತ್ರ ಎಚ್ಚರವಿರಲಿ. ಅದಕ್ಕೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿರುವುದರಿಂದ, ಬೇರೆ ಊರಿನ ಅಂಗಳದಲ್ಲಿ ಬೆಳೆದ ಕಾಯಿಯನ್ನು ಆ ಹೆಸರಿನಲ್ಲಿ ಮಾರುವುದು ಸರಿಯಲ್ಲ. (ಮನೆಯ ಹುಳಿಗೆ ಹಾಕಲು ಯಾರ ಅಡ್ಡಿಯೂ ಇಲ್ಲ.)

ಅಲಸಂಡೆ ಸ್ವಪರಾಗದ (ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವ) ಬೆಳೆಯಾದ್ದರಿಂದ ಅದರ ತಳಿ ಸುಲಭವಾಗಿ ಕೆಡುವುದಿಲ್ಲ. ಸೌತೆ ಹಾಗಲ್ಲ: ನೆರೆಮನೆಯ ಹೈಬ್ರಿಡ್ ಬಳ್ಳಿಯಿಂದ ಜೇನುನೊಣ ಪರಾಗ ತಂದರೆ ಮುಂದಿನ ವರ್ಷದ ಕಾಯಿಯೇ ಬೇರೆಯಾಗುತ್ತದೆ. ಆದ್ದರಿಂದ ಅರಳುವ ಮುನ್ನಾದಿನ ಸಂಜೆ ಗಂಡು, ಹೆಣ್ಣು ಮೊಗ್ಗುಗಳೆರಡಕ್ಕೂ ಅರಳದಂತೆ ನೂಲು ಕಟ್ಟಿ, ಮರುದಿನ ಬೆಳಿಗ್ಗೆ ಬಿಚ್ಚಿ ಕೈಯಿಂದಲೇ ಪರಾಗ ಸೋಕಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿಬಿಡಿ. ಬೀಜವನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ನಮ್ಮ ಮಳೆಗಾಲದ ತೇವಕ್ಕೆ ಕಾಗದದ ಪೊಟ್ಟಣ ಸಾಲದು. ಹಂಚುವಾಗ ತಳಿಯ ಹೆಸರು, ಬೆಳೆದ ಊರು ಮತ್ತು ವರ್ಷವನ್ನು ಬರೆದುಕೊಡಬೇಕಾಗಿ ವಿನಂತಿ.